ಪದಕದ ಅಚ್ಚಿಗೆ ಕುಂಕುಮ

ನಾಸಿಕ್ ರೋಡ್ ಸ್ಟೇಷನ್ನಿನ ಎದುರಿಗೆ ನಮ್ಮ ಮಾವನವರ ಹೋಟೆಲು. ಕುಂದಾಪುರದ ಕಡೆಯಿಂದ ಮದುವೆಯಾಗಿ ನಾನು ಅಲ್ಲಿಗೆ ಬಂದದ್ದು ಅರವತ್ತರ ದಶಕದ ಕೊನೆಗೆ. ಬಂದ ವರ್ಷವೇ ಮಹಡಿಯ ಕೋಣೆಗೆ ಒಬ್ಬ ಜರ್ಮನ್ ಮುದುಕರು ಬಾಡಿಗೆಗೆ ಬಂದರು. ಊರಿಗೆ ಕಾಗದ ಬರೆದರೆ ಯಾರೂ ನಂಬಲಿಲ್ಲ. ಇಡ್ಲಿ ತಿನ್ನುವ ಜರ್ಮನ್ನರು ಎಲ್ಲಿರುತ್ತಾರೆ ಎಂದು ಅಣ್ಣ ಗೇಲಿ ಮಾಡಿದ. ಇವರು ತಿನ್ನುತ್ತಿದ್ದರು. ಚಮಚದಲ್ಲಿ, ಮೊದಲು ಇಡ್ಲಿ, ಅದು ಮುಗಿದ ಮೇಲೆ ಸಾಂಬಾರು.

ಹುಡುಗನಾಗಿದ್ದಾಗ ಅವರ ದೇಶದ ಒಂದು ಟಂಕಸಾಲೆಗೆ ಕಸ ಗುಡಿಸಲು ಸೇರಿದವರು, ಅದರ ಯಜಮಾನರಾಗಿ ನಿವೃತ್ತರಾಗಿದ್ದರು. ಔರಂಗಾಬಾದಿನಲ್ಲಿ, ಈಗ ಅದಕ್ಕೆ ಸಂಭಾಜಿನಗರ ಅನ್ನಬೇಕು, ಪದಕಗಳನ್ನು ಒತ್ತುವ ಕಾರ್ಖಾನೆಯೊಂದಿತ್ತು. ಅದರವರು ನಾಸಿಕದ ತಮ್ಮ ಕೆಲಸಗಾರರಿಗೆ ಅಚ್ಚು ಕೆತ್ತುವುದನ್ನು ಕಲಿಸಲು ಇವರನ್ನು ಕರೆಸಿದ್ದರು. ಮನೆಯಲ್ಲಿ ಮೆಟ್ರಿಕ್ ಓದಿದವಳು ನಾನೊಬ್ಬಳೇ ಆದ್ದರಿಂದ ಅವರ ಜೊತೆ ಇಂಗ್ಲಿಷ್ ಮಾತಾಡುವ ಕೆಲಸ ನನ್ನ ತಲೆಗೆ ಬಂತು. ಅವರ ಇಂಗ್ಲಿಷೂ ನನ್ನದರ ಹಾಗೆ ಕುಂಟುತ್ತಿತ್ತು, ಹಾಗಾಗಿ ಇಬ್ಬರಿಗೂ ಸಂಕೋಚವಿರಲಿಲ್ಲ.

ಬಿಡುವಿನಲ್ಲಿ ಅವರು ಕಿಟಕಿಯ ಬಳಿ ಕೂತು ಪದಕದ ಅಚ್ಚಿಗೆಂದು ಒಂದು ದುಂಡನೆಯ ಉಕ್ಕಿನ ತುಂಡಿನ ಮೇಲೆ ಒಬ್ಬ ಹೆಂಗಸಿನ ಮುಖ ಕೆತ್ತುತ್ತಿದ್ದರು. ಅದು ಅವರ ಹೆಂಡತಿ. ರಾಜರು, ಮಂತ್ರಿಗಳು, ಓಟದಲ್ಲಿ ಗೆದ್ದವರು, ಎಲ್ಲರ ಮುಖವನ್ನೂ ಜೀವಮಾನವಿಡೀ ಕೆತ್ತಿದ್ದಾಗಿತ್ತು. ನನ್ನದು ಯಾವಾಗ ಎಂದು ಆಕೆ ಕೇಳಿದಾಗಲೆಲ್ಲ ನಿವೃತ್ತಿಯಾಗಲಿ ಅನ್ನುತ್ತಿದ್ದರಂತೆ. ನಿವೃತ್ತಿಯಾಗುವ ಮೊದಲೇ ಆಕೆ ತೀರಿಕೊಂಡರು. ಈಗ ಇವರ ಕಣ್ಣಿನ ದೃಷ್ಟಿ ಹೋಗುತ್ತಿತ್ತು. ಇದೊಂದನ್ನು ಮುಗಿಸಿದರೆ ಸಾಕು, ಇನ್ನೊಂದು ನನ್ನಿಂದ ಆಗುವುದಿಲ್ಲ ಎಂದು ಅವರೇ ನನಗೆ ಹೇಳಿದ್ದರು. ಕನ್ನಡಿಯಂತೆ ಹೊಳೆಯುವ ಆ ಅಚ್ಚನ್ನು ಮುಟ್ಟಲು ಮಾತ್ರ ನನಗೂ ಬಿಡುತ್ತಿರಲಿಲ್ಲ. ಬೆರಳಿನ ಬೆವರು ತಾಗಿದರೂ ತುಕ್ಕು ಹತ್ತಿ ಮುಖ ಹಾಳಾಗುತ್ತದೆಯಂತೆ.

ದಸರೆಯ ಹೊತ್ತಿಗೆ ಅಚ್ಚು ಮುಗಿಯಿತು. ಹಬ್ಬ ಕಳೆದ ಮೇಲೆ ಮನ್ಮಾಡಿನಲ್ಲಿ ಗಾಡಿ ಬದಲಿಸಿ ಔರಂಗಾಬಾದಿಗೆ ಹೋಗಿ, ಅಲ್ಲಿನ ದೊಡ್ಡ ಯಂತ್ರದಲ್ಲಿ ಪದಕ ಒತ್ತಿಸುವುದೆಂದು ಲೆಕ್ಕ ಹಾಕಿದ್ದರು.

ಆಯುಧಪೂಜೆಯ ದಿನ ನಮ್ಮ ಅತ್ತೆ ಹೋಟೆಲಿನ ಕಾವಲಿ, ಸೌಟು, ಮೆಟ್ಟುಕತ್ತಿ, ಸಾಮಾನು ತರುವ ಸೈಕಲ್ಲು, ಎಲ್ಲವನ್ನೂ ಸಾಲಾಗಿಟ್ಟರು. ಮುದುಕರು ತಾವಾಗಿಯೇ ತಮ್ಮ ಉಳಿಗಳ ಪೆಟ್ಟಿಗೆಯನ್ನು ತಂದುಕೊಟ್ಟು ಗೋದಾವರಿಯ ಕಡೆಗೆ ತಿರುಗಾಡಲು ಹೋದರು. ಅಚ್ಚೂ ಬಟ್ಟೆಯಲ್ಲಿ ಸುತ್ತಿಕೊಂಡು ಅದೇ ಪೆಟ್ಟಿಗೆಯಲ್ಲಿದೆ ಎನ್ನುವುದು ಅವರಿಗೆ ಮರೆತೇಹೋಗಿತ್ತು. ನಾನು ಮಿಂದು ಬಂದು ನೋಡುತ್ತೇನೆ, ಬಟ್ಟೆ ಬಿಚ್ಚಿದ ಅಚ್ಚು ಮಣೆಯ ಮೇಲೆ ಎಲ್ಲಕ್ಕಿಂತ ಮುಂದೆ ಕೂತಿದೆ. ಅದರ ನಡುಮಧ್ಯಕ್ಕೆ ನೀರಲ್ಲಿ ಕಲಸಿದ ಕುಂಕುಮ, ಸುತ್ತ ಒದ್ದೆ ಗಂಧ.

"ಅತ್ತೆ, ಅದಕ್ಕೆ ನೀರು ತಾಗಬಾರದು! ತೆಗೀಲಾ?"

"ಎಂತ ಮಾತು ಆಡ್ತಿ? ಪೂಜೆಗೆ ಇಟ್ಟದ್ದನ್ನು ನಾಳೆಯವರೆಗೆ ಕದಲಿಸುವುದುಂಟಾ?"

ಮಾವನ ಕಡೆ ನೋಡಿದೆ. ಅವರು ಗಲ್ಲಾಪೆಟ್ಟಿಗೆಯಿಂದ ಕತ್ತೆತ್ತಲಿಲ್ಲ. ಅತ್ತೆ ಒಂದು ಹೇಳಿದ ಮೇಲೆ ಆ ಮನೆಯಲ್ಲಿ ಇನ್ನೊಂದು ಇರಲಿಲ್ಲ.

ಮುದುಕರು ಮರಳಿ ಬಂದು ನೋಡಿದರು. ಕೈ ಅಚ್ಚಿನ ಕಡೆ ಹೋಯಿತು. ಅತ್ತೆ ದೀಪದ ಬತ್ತಿ ಸರಿಮಾಡುತ್ತಾ ಅವರನ್ನು ನೋಡಿ ನಕ್ಕು, ಪ್ರಸಾದ ಮುಂದೆ ಹಿಡಿದರು. ಚಾಚಿದ ಕೈಯಲ್ಲೇ ಅವರು ಪ್ರಸಾದ ಇಸಿದುಕೊಂಡರು. ಯಾವಾಗ ಎತ್ತಬಹುದು ಎಂದು ನನ್ನನ್ನು ಕೇಳಿದರು. ನಾಳೆ ಎಂದೆ. ಸರಿ, ನಾಳೆ ಎಂದು ಮೆಟ್ಟಿಲು ಹತ್ತಿಹೋದರು, ಊಟಕ್ಕೆ ಇಳಿಯಲಿಲ್ಲ. ನನಗೆ ಅತ್ತೆಯ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅವತ್ತು ಬಡಿಸಿದ ಹೋಳಿಗೆಯನ್ನೂ ಮುಟ್ಟಲಿಲ್ಲ. ಅದು ನನಗೇ ನಷ್ಟ.

ಮರುದಿನ ಬೆಳಿಗ್ಗೆ ಮಂಗಳಾರತಿ ಆಗಿ, ಅತ್ತೆ ಒಂದೊಂದನ್ನೇ ಕದಲಿಸಿ ಅಚ್ಚನ್ನು ಅವರ ಕೈಗಿತ್ತರು. ಕುಂಕುಮ ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು, ನೋಡಿದರೆ ತುಕ್ಕೇ. ಅವರು ಮೆತ್ತನೆಯ ಬಟ್ಟೆಯ ತುದಿಯಿಂದ ಒರೆಸಿದರು. ನಾನು ಬೇರೆ ಕಡೆ ನೋಡಿದೆ. ಸ್ವಲ್ಪ ಹೊತ್ತಿಗೆ ಅವರು ಏನೋ ಜರ್ಮನ್ನಿನಲ್ಲಿ ಕೂಗಿದರು. ತಿರುಗಿದರೆ, ಬಟ್ಟೆಯನ್ನು ಮೂಸಿ ನೋಡುತ್ತಿದ್ದಾರೆ! ನನ್ನ ಮೂಗಿಗೂ ಹಿಡಿದರು. ತೆಂಗಿನೆಣ್ಣೆ. ಅಚ್ಚಿನ ಮೇಲೆ ಎಣ್ಣೆಯ ಅಡಿಯಲ್ಲಿ ಆಕೆಯ ಕೆನ್ನೆ, ಜಡೆ, ಕಿವಿಯ ಓಲೆ, ಎಲ್ಲ ಹಾಗೇ ಥಳಥಳಿಸುತ್ತಿತ್ತು.

"ಎಣ್ಣೆ ಹಚ್ಚದೆ ಕಬ್ಬಿಣಕ್ಕೆ ಯಾರಾದ್ರೂ ಕುಂಕುಮ ಇಡ್ತಾರಾ? ಕಾವಲಿ ಹಾಳಾಗುದಿಲ್ವಾ?" ಎಂದರು ಅತ್ತೆ.

"ನಿನ್ನೆಯೇ ಹೇಳಬಾರದಿತ್ತಾ?"

"ನೀ ಕೇಳಿದ್ಯಾ?"

ನನಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಎದೆಯ ಮೇಲಿನ ರುಬ್ಬುಕಲ್ಲನ್ನು ಯಾರೋ ಇಳಿಸಿದ ಹಾಗಾಗಿ ಅಲ್ಲೇ ನೆಲಕ್ಕೆ ಕೂತೆ. ಮುದುಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅತ್ತೆ ಬಗ್ಗಿ ಅಚ್ಚನ್ನು ನೋಡಿ, ಯಾರಿದು ಎಂದು ಕೇಳಿದರು. ನಾನು ಎಲ್ಲ ಹೇಳಿದೆ.

"ಇವರಿಗಿಂತ ಮೊದಲು ಹೋದದ್ದಾ?" ಎಂದರು ಅತ್ತೆ. "ಹಾಗಾದ್ರೆ ಮುತ್ತೈದೆ. ಹೋಗುವಾಗ ಅಲ್ಲಿ ಯಾರೂ ಕುಂಕುಮ ಇಟ್ಟಿರ್ಲಿಕ್ಕಿಲ್ಲ. ಇಲ್ಲಿ ಆಯ್ತಲ್ಲ. ಒಳ್ಳೇದೇ ಆಯ್ತು, ಹೇಳು ಸಾಹೇಬ್ರಿಗೆ."

ಮುತ್ತೈದೆಗೆ ಇಂಗ್ಲಿಷಿನಲ್ಲಿ ಏನು ಹೇಳಬೇಕೆಂದು ನನ್ನ ಮೆಟ್ರಿಕ್ಕಿಗೆ ಹೊಳೆಯಲಿಲ್ಲ. ಗಂಡನಿರುವಾಗಲೇ ಹೋದವಳನ್ನು ನಮ್ಮಲ್ಲಿ ಹಣೆಗೆ ಕುಂಕುಮವಿಟ್ಟು, ಮದುಮಗಳ ಹಾಗೆ ಕಳಿಸುತ್ತಾರೆ ಎಂದೆ. ಅವರು ಬಹಳ ಹೊತ್ತು ತಲೆಯಾಡಿಸುತ್ತಾ ಕೂತರು. ಆಮೇಲೆ ಇಡ್ಲಿ ಕೇಳಿದರು.

ಹಬ್ಬ ಕಳೆದು ಔರಂಗಾಬಾದಿಗೆ ಹೋಗಿಬಂದವರು ಸ್ಟೇಷನ್ನಿನಿಂದ ನೆಟ್ಟಗೆ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದರು. ಜೇಬಿನಿಂದ ಬೆಳ್ಳಿಯ ಪದಕ ತೆಗೆದು ಅತ್ತೆಯ ಅಂಗೈ ಮೇಲೆ ಇಟ್ಟರು. ಅಚ್ಚಿನಲ್ಲಿ ತಗ್ಗಾಗಿದ್ದ ಮುಖ ಈಗ ಉಬ್ಬಿ, ಇನ್ನೇನು ಮಾತಾಡುವ ಹಾಗಿತ್ತು. ಅವರು ತಮ್ಮ ಹಣೆಯನ್ನು ಬೆರಳಿನಿಂದ ಮುಟ್ಟಿ, ಪದಕವನ್ನು ತೋರಿಸಿ, "ಅಮ್ಮಾ, ಕುಂಕುಮ" ಎಂದರು.

ಅತ್ತೆ ಕೈ ಒರೆಸಿಕೊಂಡು ಎಣ್ಣೆಯ ಗಿಂಡಿ ತರಲು ಒಳಗೆ ಹೋದರು.