ಕುದಿಯದ ಸುಣ್ಣ

ಹೋದ ತಿಂಗಳು ತೂಬಗೆರೆ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ತಮ್ಮನ ಮನೆಯಲ್ಲಿ ಊಟ ಮುಗಿಸಿ, ಜಗಲಿಯ ಮೇಲೆ ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತೆ. ಸುಣ್ಣದ ಡಬ್ಬಿ ತೆಗೆದರೆ ಒಳಗಿದ್ದದ್ದು ಒಣಗಿ ಬಿಲ್ಲೆಯಾಗಿತ್ತು. ಉಗುರಿನಲ್ಲಿ ಕೆರೆದೆ, ಪುಡಿ ಉದುರಿತು. ಇದು ಸತ್ತು ಎಷ್ಟು ದಿನವಾಯಿತೋ ಎಂದೆ. ತಮ್ಮ ನಕ್ಕ. "ಸುಣ್ಣದ ವಿಷ್ಯದಲ್ಲಿ ನಮ್ಮನೇರು ಯಾವಾಗ್ಲೂ ಅಷ್ಟೇ ಬಿಡಕ್ಕ. ಅಪ್ಪ ತೋಟ ಸುಟ್ಟಿದ್ದು ಮರ್ತೋಯ್ತಾ?"

ನಾನೂ ನಕ್ಕೆ. ಹೆಚ್ಚುಕಡಿಮೆ ಐವತ್ತು ವರ್ಷದಿಂದ ಈ ಮಾತಿಗೆ ನಗುತ್ತಲೇ ಬಂದಿದ್ದೇನೆ. ಆವತ್ತು ಮಾತ್ರ ನಗು ಅರ್ಧಕ್ಕೇ ನಿಂತಿತು. ಯಾಕೆ ಅಂತ ನಿಮಗೆ ತಿಳಿಯಬೇಕಾದರೆ ನನ್ನ ಪಿ.ಯು.ಸಿ. ಕಾಲಕ್ಕೆ ಒಂದು ಸುತ್ತು ಬರಬೇಕು. ಬನ್ನಿ, ದೂರವೇನಿಲ್ಲ.

ಎಪ್ಪತ್ತರ ದಶಕ. ದೊಡ್ಡಬಳ್ಳಾಪುರದ ಕಾಲೇಜಿಗೆ ಬೆಳಗಿನ ಬಸ್ಸು ಹಿಡಿದು ಹೋಗುತ್ತಿದ್ದೆ. ನಮ್ಮೂರಿನಿಂದ ಸೈನ್ಸು ಓದಲು ಹೊರಟ ಮೊದಲ ಹುಡುಗಿ ನಾನೇ. ಮನೆಯ ಯಜಮಾನಿಕೆ ಅಪ್ಪನ ಅಣ್ಣನದು, ನಮ್ಮ ದೊಡ್ಡಪ್ಪನದು. ಹೆಣ್ಣುಮಗಳು ಬಾಟಲಿ ಅಲ್ಲಾಡಿಸುವುದನ್ನು ಕಲಿತು ಯಾರ ಮನೆ ಉದ್ಧಾರ ಮಾಡುತ್ತಾಳೆ ಎಂದು ಅವರು ದಿನಕ್ಕೊಂದು ಸಲ ಕೇಳುತ್ತಿದ್ದರು. ಅಪ್ಪ ಹೆಚ್ಚು ಮಾತಿನವನಲ್ಲ. ಓದಲಿ ಬಿಡಣ್ಣ ಎನ್ನುತ್ತಿದ್ದ, ಅಷ್ಟೇ. ಕೊನೆಗೆ ದೊಡ್ಡಪ್ಪ ಒಂದು ಷರತ್ತು ಹಾಕಿದರು: ಓದಿನಿಂದ ಮನೆಗೆ ಒಂದೇ ಒಂದು ಕೆಡುಕಾಗಲಿ, ಪುಸ್ತಕವೆಲ್ಲ ಅಟ್ಟಕ್ಕೆ, ಹುಡುಗಿ ಒಲೆ ಮುಂದಕ್ಕೆ.

ನನಗೋ, ರಸಾಯನಶಾಸ್ತ್ರ ತಲೆಗೇರಿತ್ತು. ಲ್ಯಾಬಿನ ಕೊಳೆತ ಮೊಟ್ಟೆಯ ವಾಸನೆ ಹೊತ್ತು ಬಸ್ಸು ಹತ್ತಿದರೆ ಪಕ್ಕದವರು ಮೂಗಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು. ನನಗೆ ಅದೇ ಅತ್ತರು. ಅಮ್ಮ ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರೆ ಪಕ್ಕದಲ್ಲಿ ನಿಂತು ಆಮ್ಲದ ಬಗ್ಗೆ ಪಾಠ ಹೇಳುತ್ತಿದ್ದೆ. ಅಷ್ಟೆಲ್ಲ ಗೊತ್ತಿದ್ದರೆ ನೀನೇ ಉಜ್ಜು ಎಂದು ಅಮ್ಮ ಬಿಂದಿಗೆಯನ್ನು ನನ್ನ ಕಡೆ ನೂಕುತ್ತಿದ್ದಳು.

ನಮ್ಮದು ದ್ರಾಕ್ಷಿ ತೋಟ. ಮೋಡ ಕವಿದು ಎರಡು ದಿನ ಜಿಟಿಜಿಟಿ ಹಿಡಿದರೆ ಎಲೆಗೆ ರೋಗ ಬರುತ್ತದೆ. ಅದಕ್ಕೆ ಮದ್ದೆಂದರೆ ಮೈಲುತುತ್ತವೆಂಬ ತಾಮ್ರದ ನೀಲಿ ಹರಳು ಮತ್ತು ಸುಣ್ಣ. ಎರಡನ್ನೂ ಬೇರೆಬೇರೆ ನೀರಲ್ಲಿ ಕರಗಿಸಿ, ಮರದ ಪೀಪಾಯಿಯಲ್ಲಿ ಕೂಡಿಸಿ, ಚಪ್ಪರದ ಎಲೆಗೆಲ್ಲ ಹೊಡೆಯಬೇಕು. ಸುಣ್ಣ ಕಮ್ಮಿಯಾಯಿತೋ, ಮದ್ದೇ ಎಲೆಯನ್ನು ಸುಡುತ್ತದೆ. ಇದನ್ನು ಕಲಸುವುದರಲ್ಲಿ ಸುತ್ತಿನಲ್ಲೆಲ್ಲ ಅಪ್ಪನದು ಎತ್ತಿದ ಕೈ. ಕಲಸಿದ ಮೇಲೆ ಸೊಂಟದ ಕುಡುಗೋಲು ತೆಗೆದು ಮದ್ದಿನಲ್ಲಿ ಅದ್ದುತ್ತಿದ್ದ. ಅಲಗು ಕೆಂಪಗಾದರೆ ಇನ್ನಷ್ಟು ಸುಣ್ಣ ಹಾಕುವುದು. ಬೆಳ್ಳಗೆ ಉಳಿದರೆ ಹೊಡೆಯಬಹುದು. ಅಕ್ಕಪಕ್ಕದ ತೋಟದವರು ಅವನು ಬಂದು ಅದ್ದಿ ನೋಡದೆ ಒಂದು ಹನಿ ಹೊಡೆಯುತ್ತಿರಲಿಲ್ಲ. ಎಲ್ಲರೂ ಕರೆಯುವುದು, ಇವನು ಕುಡುಗೋಲು ಸಿಕ್ಕಿಸಿಕೊಂಡು ಹೊರಡುವುದು. ಅಕ್ಷರ ಬಾರದ ಮನುಷ್ಯನಿಗೆ ಊರು ಕೊಟ್ಟಿದ್ದ ಮರ್ಯಾದೆ ಅದೊಂದೇ.

ಒಂದು ದಿನ ಕಾಲೇಜಿನಲ್ಲಿ ಮೇಷ್ಟ್ರು ಮೈಲುತುತ್ತದ ನೀಲಿ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕಿದರು. ಮೊಳೆ ಕೆಂಪಗಾಯಿತು. ಕಬ್ಬಿಣ ತಾಮ್ರವನ್ನು ಹೊರಗೆ ತಳ್ಳುತ್ತದೆ ಎಂದು ಬೋರ್ಡಿನ ಮೇಲೆ ಬರೆದರು. ನನಗೆ ಮೈ ಜುಮ್ಮೆಂದಿತು. ಅಯ್ಯೋ, ಇದು ನಮ್ಮಪ್ಪನ ಕುಡುಗೋಲು! ಇಲ್ಲಿಗೇ ನಿಲ್ಲಿಸಿದ್ದರೆ ನಾನು ಜಾಣೆಯಾಗುತ್ತಿದ್ದೆ. ಆದರೆ ಕಾರಣ ಗೊತ್ತಾದ ಮೇಲೆ ಕುಡುಗೋಲು ಯಾಕೆ ಬೇಕು ಅನ್ನಿಸಿತು ನೋಡಿ, ಅಲ್ಲಿ ಕೆಟ್ಟೆ.

ಪರೀಕ್ಷೆಗೆ ಎರಡು ತಿಂಗಳಿತ್ತು. ಮೋಡ ಹಿಡಿದಿತ್ತು. ಅಪ್ಪ ಕುಂದಾಣದ ನೆಂಟರ ತಿಥಿಗೆ ಮೊದಲ ಬಸ್ಸಿಗೇ ಹೋಗಬೇಕಿತ್ತು. ಮೈಲುತುತ್ತ, ಸುಣ್ಣ ಎರಡನ್ನೂ ತೂಗಿಟ್ಟು, ಆಳು ಬರುವಷ್ಟರಲ್ಲಿ ಕಲಸಿಡು ಎಂದು ನನಗೆ ಹೇಳಿದ. "ಸಮಸಮ ಹಾಕು. ಅದ್ದಿ ನೋಡು."

ಅವನು ಬೆನ್ನು ತಿರುಗಿಸಿದ್ದೇ ನಾನು ನೋಟ್‌ಬುಕ್ಕು ತೆರೆದೆ. ಸಮೀಕರಣ ಬರೆದೆ, ತೂಕ ಲೆಕ್ಕ ಹಾಕಿದೆ. ಮೈಲುತುತ್ತದ ಕಾಲು ಭಾಗ ಸುಣ್ಣ ಧಾರಾಳವಾಗಿ ಸಾಕು! ಇಷ್ಟು ವರ್ಷ ಅಪ್ಪ ಸುಮ್ಮನೆ ಸುಣ್ಣ ಸುರಿಯುತ್ತಿದ್ದಾನಲ್ಲ ಎಂದು ಮರುಕಪಟ್ಟೆ. ಮುಕ್ಕಾಲು ಪಾಲನ್ನು ವಾಪಸು ಮೂಟೆಗೆ ಸುರಿದೆ. ಉಳಿದದ್ದಕ್ಕೆ ನೀರು ಹಾಕಿದರೆ ಸದ್ದಿಲ್ಲ, ಹೊಗೆಯಿಲ್ಲ. ಸದ್ಯ, ಮೈಮೇಲೆ ಸಿಡಿಯಲಿಲ್ಲ ಅಂದುಕೊಂಡೆ. ಕುಡುಗೋಲು ಗೂಟದಲ್ಲೇ ನೇತಾಡುತ್ತಿತ್ತು. ಆಳು ಬಂದ, ಅಪ್ಪನೇ ಕಲಸಿಟ್ಟು ಹೋಗಿದ್ದಾನೆ ಎಂದುಕೊಂಡು ಹೊಡೆದ. ನಾನು ಕಾಲೇಜಿಗೆ ಹೋದೆ.

ಮೂರನೆಯ ದಿನ ಬೆಳಗ್ಗೆ ತೋಟಕ್ಕೆ ಹೋದವಳು ನಿಂತಲ್ಲೇ ನಿಂತೆ. ಚಪ್ಪರದ ಈ ತುದಿಯಿಂದ ಆ ತುದಿಗೆ ಎಲೆ ಕಂದು ತಿರುಗಿ ಮುರುಟಿಹೋಗಿತ್ತು. ಕಾಯಿಯ ಮೇಲೆಲ್ಲ ಸುಟ್ಟ ಚುಕ್ಕೆ. ಒಂದು ಎಲೆ ಮುಟ್ಟಿದೆ, ಬೆರಳಲ್ಲೇ ಪುಡಿಯಾಯಿತು.

ಅಪ್ಪ ಬಂದ. ಎಲೆ ನೋಡಿದ, ನನ್ನ ಮುಖ ನೋಡಿದ. ಕೊಟ್ಟಿಗೆಗೆ ಹೋಗಿ ಸುಣ್ಣದ ಮೂಟೆಗೆ ಕೈ ಹಾಕಿ, ಒಂದು ಹಿಡಿ ತೆಗೆದು ನೀರು ಚಿಮುಕಿಸಿದ. ಸುಣ್ಣ ತಣ್ಣಗೆ ಕೂತಿತ್ತು. ಆಗ ನನಗೆ ಹೊಳೆಯಿತು. ಗಾಳಿಗೆ ಬಿಟ್ಟ ಸುಣ್ಣ ದಿನ ಕಳೆದಂತೆ ಬರೀ ಸೀಮೆಸುಣ್ಣವಾಗುತ್ತದೆ. ಹಿಂದಿನ ವಾರವಷ್ಟೇ ಟೆಸ್ಟಿನಲ್ಲಿ ಇದನ್ನೇ ಬರೆದು ಪೂರ್ತಿ ಅಂಕ ತೆಗೆದಿದ್ದೆ! ಒಳ್ಳೆ ಸುಣ್ಣ ನೀರು ಬಿದ್ದರೆ ಕುದಿಯುತ್ತದೆ ಎಂದೂ ಬರೆದಿದ್ದೆ. ಕಣ್ಣೆದುರು ಕುದಿಯದೆ ಕೂತಿದ್ದ ಸುಣ್ಣ ಮಾತ್ರ ನನಗೆ ಕಾಣಲಿಲ್ಲ. ಸುಣ್ಣ ಅರ್ಧ ಸತ್ತಿದ್ದರೂ ಸಾಲದೆ ಹೋಗದಿರಲಿ ಎಂದೇ ಅಪ್ಪ ಸಮಸಮ ಹಾಕುತ್ತಿದ್ದದ್ದು, ಅದ್ದಿ ನೋಡುತ್ತಿದ್ದದ್ದು. ಅಂಥ ಪೆಟ್ಟು ನನಗೆ ಯಾರೂ ಕೊಟ್ಟಿರಲಿಲ್ಲ.

ಅಷ್ಟರಲ್ಲಿ ದೊಡ್ಡಪ್ಪ ಬಂದರು. ಹಿಂದೆ ಪಕ್ಕದ ತೋಟದವರೂ ಇದ್ದರು. "ಯಾರೋ ಕಲಸಿದ್ದು?" ಎಂದು ಕೇಳಿದರು.

"ನಾನೇ ಕಣಣ್ಣ. ಸುಣ್ಣ ಕಮ್ಮಿ ಆಗೋಯ್ತು," ಅಂದ ಅಪ್ಪ.

ನಾನು ಅಲ್ಲೇ ಇದ್ದೆ. ನನಗೆ ನಾಲಿಗೆಯೂ ಇತ್ತು. ಅವರೆಲ್ಲ ಹೋದ ಮೇಲೆ ಅತ್ತುಬಿಟ್ಟೆ. ಯಾರ ಹತ್ತಿರವೂ ಬಾಯಿ ಬಿಡಬೇಡ, ಹೋಗಿ ಓದ್ಕೋ ಎಂದು ಅಪ್ಪ ಕಳಿಸಿದ. ಓದಿಕೊಂಡೆ. ಪಾಸಾದೆ. ಮೂವತ್ತು ವರ್ಷ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟೆ. ಆ ವರ್ಷದಿಂದ ಅಪ್ಪನನ್ನು ಮದ್ದು ಕಲಸಲು ಯಾರೂ ಕರೆಯಲಿಲ್ಲ. ಹೋಗಲಿ, ನಮ್ಮ ತೋಟವಾದರೂ ಅವನ ಕೈಯಲ್ಲಿತ್ತಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ.

ಹೋದ ತಿಂಗಳು ಆ ಜಗಲಿಯ ಮೇಲೆ, ಕೈಯಲ್ಲಿ ಸುಣ್ಣದ ಪುಡಿ ಹಿಡಿದುಕೊಂಡು, ಕೊನೆಗೂ ಹೇಳಿದೆ. "ಅಪ್ಪ ಅಲ್ಲ ಕಣೋ. ತೋಟ ಸುಟ್ಟಿದ್ದು ನಾನು." ಪೂರ್ತಿ ಕಥೆ ಹೇಳಿದೆ. ಆಗ ಅವನಿನ್ನೂ ಮೂರನೇ ಕ್ಲಾಸಿನ ಹುಡುಗ, ಅವನಿಗೇನು ಗೊತ್ತು.

ತಮ್ಮ ನಗಲಿಲ್ಲ. ಎಲೆಯಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ.

"ನಾನು ಬೇಸಾಯಕ್ಕೆ ಇಳಿದ ವರ್ಷ ಅಪ್ಪ ಕಲ್ಸಕ್ಕೆ ಬಂತು ಕಣಕ್ಕ. ಒಂದ್ಸಲ ಸುಟ್ಟಿದ್ದು ಸಾಲ್ದಾ, ನೀನು ಮುಟ್ಬೇಡ ಅಂತ ಆಳುಗಳ ಮುಂದೇನೇ ಕುಡ್ಲು ಕಿತ್ಕೊಂಡ್ಬಿಟ್ಟೆ. ಸಾಯೋಗಂಟ ಆ ಪೀಪಾಯಿ ಹತ್ರ ಬರ್ಲಿಲ್ಲ."

ಅಪ್ಪ ಆಗ ಏನೂ ಹೇಳಲಿಲ್ಲವಾ ಎಂದು ಕೇಳಿದೆ.

"ಇಲ್ಲ. ಸಮಸಮ ಹಾಕು, ಅದ್ದಿ ನೋಡು ಅಂತು. ಅಷ್ಟೇ."

ಸುಣ್ಣದ ಡಬ್ಬಿ ಮುಚ್ಚಲು ಹೋದೆ. ಎಷ್ಟು ಒತ್ತಿದರೂ ಮುಚ್ಚಳ ಕೂರಲಿಲ್ಲ. ತಮ್ಮ ನನ್ನ ಕೈಯಿಂದ ಅದನ್ನು ತೆಗೆದುಕೊಂಡ, ಒಣಗಿದ ಸುಣ್ಣದ ಮೇಲೆ ಅಪ್ಪನ ಹಾಗೇ ನಾಲ್ಕು ಹನಿ ನೀರು ಚಿಮುಕಿಸಿದ.