ಓರ್ಕಾಗೆ ಒದ್ದೆ ದುಪ್ಪಟಿ ಹೊದಿಸಿದವಳು

ನಮ್ಮ ಕಡಲತೀರದ ಊರು ಪುಯೆರ್ತೊ ಅಲ್ಮಿರೋನಿನ ಜನರಿಗೆ ಒಂದು ಜಂಬವಿದೆ: ಮರಳಿಗೆ ಬಿದ್ದ ಪ್ರಾಣಿಯನ್ನು ನಾವು ಸಾಯಲು ಬಿಡುವವರಲ್ಲ. ದಡಕ್ಕೆ ಡಾಲ್ಫಿನ್ ಬಂದು ಬಿದ್ದರೆ, ಕಂಡವರು ಓಡಿಹೋಗಿ ಚರ್ಚಿನ ಗಂಟೆ ಬಾರಿಸಬೇಕು. ಗಂಟೆ ಕೇಳಿದವರು ಹಾಸಿಗೆಯ ದುಪ್ಪಟಿ ಎಳೆದುಕೊಂಡು ಬರಬೇಕು. ಅದನ್ನು ಸಮುದ್ರದಲ್ಲಿ ಅದ್ದಿ ಪ್ರಾಣಿಯ ಮೈಗೆ ಹೊದಿಸಿ, ಉಬ್ಬರದ ನೀರು ಏರುವವರೆಗೂ ಬಕೆಟ್ಟಿನಲ್ಲಿ ನೀರು ಹೊಯ್ಯಬೇಕು. ಬೇರೆ ವಿಷಯದಲ್ಲಿ ನಾವು ಅಂಥ ದಯಾವಂತರೇನೂ ಅಲ್ಲ. ಪಕ್ಕದ ಮನೆಯವರು ಒಂದು ಹಿಡಿ ಉಪ್ಪು ಕೇಳಿದರೆ ಮುಖ ಗಂಟುಹಾಕುತ್ತೇವೆ. ದುಪ್ಪಟಿಗೆ ಮಾತ್ರ ಯಾರೂ ಹಿಂದೆಮುಂದೆ ನೋಡುವುದಿಲ್ಲ.

ಸುಲೇಮಾ ಪಾಯ್ನೆಮಾಲ್ ಆ ಗಂಟೆ ಬಾರಿಸಿದಾಗ ಅವಳಿಗೆ ಹದಿನೇಳು. ಮಾರ್ಚ್ ತಿಂಗಳು, ನಮ್ಮ ಕಡೆ ಬೇಸಿಗೆ ಮುಗಿಯುವ ಹೊತ್ತು; ಬಂಡೆಗಳ ಮೇಲೆ ಚಿಪ್ಪು ಆರಿಸಲು ಹೋಗಿದ್ದಳು. ನಾವೆಲ್ಲ ಓಡಿಹೋಗಿ ನೋಡಿದರೆ ಬಿದ್ದಿದ್ದದ್ದು ಡಾಲ್ಫಿನ್ ಅಲ್ಲ, ಕಪ್ಪು-ಬಿಳುಪು ಓರ್ಕಾ ತಿಮಿಂಗಿಲದ ಮರಿ. ನಮ್ಮಮ್ಮ ತನ್ನ ಮದುವೆಯ ದುಪ್ಪಟಿಯನ್ನೇ ತಂದಿದ್ದಳು. ಮೊದಲು ಹೊದಿಸಿದವಳು ಮಾತ್ರ ಸುಲೇಮಾ. ಅದರ ಕಣ್ಣಿನ ಪಕ್ಕದಲ್ಲಿ ಮಂಡಿಯೂರಿ ಕೂತವಳು ಏಳಲೇ ಇಲ್ಲ. ಆಚೆ ನೀರಿನಲ್ಲಿ ಒಂದು ದೊಡ್ಡ ಓರ್ಕಾ ಹೋಗುತ್ತ ಬರುತ್ತ ಇತ್ತು. ಮರಿಯನ್ನು ತಿನ್ನಲು ಹೊಂಚು ಹಾಕುತ್ತಿದೆ ಎಂದು ಹುಡುಗರೆಲ್ಲ ದೋಣಿ ಇಳಿಸಿ, ಡಬ್ಬ ಬಡಿದು ಅದನ್ನು ಓಡಿಸಿದರು. ಅವರಲ್ಲಿ ಎಲಿಸೆಯೊ ಕೂಡ ಇದ್ದ. ಮುಂದೆ ನಾನು ಕಟ್ಟಿಕೊಂಡದ್ದು ಅವನನ್ನೇ.

ನೀರು ಏರುವ ಮೊದಲೇ ಊರಾಚೆಯ ಕಡಲುಪ್ರಾಣಿಗಳ ಪಾರ್ಕಿನಿಂದ ಕ್ರೇನ್ ಇರುವ ಲಾರಿ ಬಂತು. "ಪಾಪ, ಸುಸ್ತಾಗಿದೆ. ಹುಷಾರಾಗೋವರ್ಗೂ ನಾವು ನೋಡ್ಕೋತೀವಿ" ಎಂದ ಪಾರ್ಕಿನ ಯಜಮಾನ. ಊರಿಗೆ ಊರೇ ಚಪ್ಪಾಳೆ ತಟ್ಟಿತು. ಮರಿಗೆ ಮಿಲಾಗ್ರೊ, ಅಂದರೆ ಪವಾಡ, ಎಂದು ಹೆಸರಿಟ್ಟೆವು. ಅದು ಹುಷಾರಾಗಿ ಇಪ್ಪತ್ತು ವರ್ಷದ ಮೇಲಾಯಿತು. ಅವರು ಇನ್ನೂ ನೋಡಿಕೊಳ್ಳುತ್ತಲೇ ಇದ್ದಾರೆ.

ಸುಲೇಮಾ ಲಾರಿಯ ಹಿಂದೆಯೇ ಹೋದಳು. ಪಾರ್ಕಿನ ಮೀನಿನ ಕೋಣೆಯಲ್ಲಿ ಕೆಲಸಕ್ಕೆ ಸೇರಿದಳು. ಹೆಪ್ಪುಗಟ್ಟಿದ ಮೀನು ಕರಗಿಸುವುದು, ಅದರ ಕಿವಿರಿನೊಳಗೆ ಮಿಲಾಗ್ರೊನ ಮಾತ್ರೆ ತುರುಕುವುದು, ಕೊಳದ ಗೋಡೆಯ ಪಾಚಿ ಉಜ್ಜುವುದು. ಮದುವೆಗೆ ಕೇಳಿಕೊಂಡು ಬಂದವರು ಇದ್ದರು. "ಮಿಲಾಗ್ರೊನ ಬಿಟ್ಟು ನಾನೆಲ್ಲಿಗೂ ಬರಲ್ಲ" ಎಂದರೆ ಯಾರು ತಾನೇ ಕಾಯುತ್ತಾರೆ? ಬೇಸಿಗೆಯಲ್ಲಿ ಪ್ರವಾಸಿಗರು, ಸಂಗೀತ, ಮಿಲಾಗ್ರೊನ ನೆಗೆತ, ಗದ್ದಲ. ಬೇಸಿಗೆ ಮುಗಿದ ಮೇಲೆ ಬರೀ ಗಾಳಿ. ಆಗ ಸುಲೇಮಾ ಸೋರೆಬುರುಡೆಯಲ್ಲಿ ಯೆರ್ಬಾ ಎಲೆಯ ಕಷಾಯ ಹೀರುತ್ತ ಕೊಳದ ಅಂಚಿನಲ್ಲಿ ಕೂರುತ್ತಿದ್ದಳು. ಬೆನ್ನಿನ ರೆಕ್ಕೆ ಒಂದು ಕಡೆಗೆ ಬಾಗಿ ಜೋತುಬಿದ್ದ ಆ ದೊಡ್ಡ ಪ್ರಾಣಿ, ಸಮುದ್ರದ ಕಡೆಯ ಗೋಡೆಗೆ ಮುಖ ಮಾಡಿ ಅಲ್ಲಾಡದೆ ತೇಲುತ್ತಿತ್ತು. ಅವಳು ಕರೆದರೆ ಮಾತ್ರ ತಿರುಗುತ್ತಿತ್ತು.

ಅವಳಿಗಿದ್ದ ಒಂದೇ ಐಶ್ವರ್ಯವೆಂದರೆ 'ಕಾಪಾಡಿದವಳು' ಎಂಬ ಹೆಸರು. ಪ್ರತಿ ಮಾರ್ಚಿನಲ್ಲಿ ನಾವು ಆ ದಿನವನ್ನು ಹಬ್ಬದಂತೆ ಆಚರಿಸುತ್ತೇವೆ. ಅವತ್ತು ಸುಲೇಮಾ ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು ಕೊಳದ ಕಟ್ಟೆಯ ಮೇಲೆ ನಿಂತು, ಮೈಕಿನಲ್ಲಿ ಕಥೆ ಹೇಳಬೇಕು.

ಈ ಸಲ ಹಬ್ಬಕ್ಕೆ ಇನ್ನೂ ಒಂದು ವಾರವಿತ್ತು. ಸುಲೇಮಾ ನನ್ನ ಬೇಕರಿಗೆ ಬ್ರೆಡ್ಡಿಗೆ ಬಂದಿದ್ದಳು. ಮಗಳ ಮನೆಗೆಂದು ಊರಿಗೆ ಬಂದಿದ್ದ ಸೆಲೆದೋನಿಯೊ ಎಂಬ ಮುದುಕನೂ ಅಲ್ಲಿದ್ದ. ದಕ್ಷಿಣದ ಕಡಲಸಿಂಹಗಳ ತೀರದಲ್ಲಿ ಬದುಕಿಡೀ ಕಾವಲುಗಾರನಾಗಿದ್ದವನು. ನನ್ನ ಗೋಡೆಯ ಮೇಲಿದ್ದ ಆ ದಿನದ ಫೋಟೋವನ್ನು ಕನ್ನಡಕ ಸರಿಪಡಿಸಿಕೊಂಡು ನೋಡಿದ.

"ಹಿಂದ್ಗಡೆ ನೀರಲ್ಲಿ ರೆಕ್ಕೆ ಕಾಣ್ತಿದ್ಯಲ್ಲ, ಅದ್ಯಾವ್ದು?"

"ಅದಾ? ಮರೀನ ತಿನ್ನೋಕೆ ಬಂದಿದ್ದ ರಾಕ್ಷಸ. ನನ್ ಗಂಡಾನೇ ಡಬ್ಬ ಬಡ್ದು ಓಡ್ಸಿದ್ದು" ಎಂದೆ ಹೆಮ್ಮೆಯಿಂದ.

ಮುದುಕ ನಗಲಿಲ್ಲ. "ರಾಕ್ಷಸ ಅಲ್ಲಮ್ಮ. ತಾಯಿ ಅದು."

ಸುಲೇಮಾ ಬ್ರೆಡ್ಡಿನ ಚೀಲವನ್ನು ಮತ್ತೆ ಕೌಂಟರಿನ ಮೇಲಿಟ್ಟಳು.

"ನಮ್ ಕಡೆ ಓರ್ಕಾಗಳು ವರ್ಷಾವರ್ಷಾ ಈ ತಿಂಗ್ಳಲ್ಲಿ ಬರ್ತವೆ" ಎಂದ ಅವನು. "ಕಡಲಸಿಂಹದ ಮರೀನ ಹಿಡಿಯೋಕೆ ಬೇಕಂತ್ಲೇ ದಡಕ್ಕೆ ನುಗ್ತವೆ. ಆಮೇಲೆ ಮೈ ಹೊರಳಿಸ್ಕೊಂಡು ಅಲೆ ಜೊತೆ ವಾಪಸ್ ಹೋಗ್ತವೆ. ತಾಯಿ ಮರಿಗೂ ಅದನ್ನೇ ಕಲಿಸ್ತದೆ. ದಡಕ್ಕೆ ತಳ್ಳಿ ಅಲ್ಲೇ ಕಾಯ್ತಾ ಇರ್ತದೆ."

"ಇಲ್ಲ ತಾತಾ, ಇದು ಸಿಕ್ಕಾಕ್ಕೊಂಡಿತ್ತು. ನೀರು ಇಳ್ದು ಹೋಗಿತ್ತು. ನಾನೇ ನೋಡ್ದೆ" ಎಂದಳು ಸುಲೇಮಾ.

"ಇರ್ಬೋದಮ್ಮ. ಕಲಿಯೋರು ಎಡವ್ತಾರೆ. ನೀರು ಮತ್ತೆ ಏರ್ತಿರ್ಲಿಲ್ವಾ? ದುಪ್ಪಟಿ ಹೊದಿಸಿದ್ದು ಒಳ್ಳೇದೇ ಆಯ್ತು. ಎತ್ಕೊಂಡು ಹೋಗಿದ್ಯಾಕೆ?" ಆಮೇಲೆ ಕೇಳಿದ: "ಗಂಡು ಮರಿನಾ?"

"ಹೂಂ."

"ಗಂಡು ಸಾಯೋವರ್ಗೂ ತಾಯಿ ಪಕ್ಕ ಬಿಡಲ್ಲ."

ಅವಳು ಚೀಲವನ್ನು ಕೌಂಟರಿನ ಮೇಲೆಯೇ ಬಿಟ್ಟು ಹೊರಟುಹೋದಳು. ರಾತ್ರಿ ಇದನ್ನೆಲ್ಲ ಎಲಿಸೆಯೊಗೆ ಹೇಳಿದೆ. "ಆ ಮುದುಕಂಗೆ ಅರಳುಮರಳು, ನಿಲ್ದಾ" ಎಂದ. ಹಾಗೆಂದವನು ಊಟದ ತಟ್ಟೆ ಸರಿಸಿ ಎದ್ದುಹೋದ.

ಮರುದಿನ ಸುಲೇಮಾ ಪಾರ್ಕಿನ ಯಜಮಾನನ ಬಳಿ ಹೋಗಿ, ಮಿಲಾಗ್ರೊನನ್ನು ಸಮುದ್ರಕ್ಕೆ ಬಿಡಿ ಎಂದು ಕೇಳಿದಳು. ಕಾಂಕ್ರೀಟು ಕಚ್ಚಿ ಕಚ್ಚಿ ಹಲ್ಲೆಲ್ಲ ಸವೆದಿವೆ, ಬೇಟೆಯೇ ಗೊತ್ತಿಲ್ಲ, ಬಿಟ್ಟರೆ ಉಪವಾಸ ಸಾಯುತ್ತದೆ ಎಂದರು ಪಾರ್ಕಿನ ಡಾಕ್ಟರು. ಅದು ಸುಳ್ಳಲ್ಲ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಅದೇ.

"ಹಾಗಾದ್ರೆ ಹಬ್ಬದ ದಿನ ಮೈಕಲ್ಲಿ ಇದ್ದದ್ದು ಇದ್ದಂಗೆ ಹೇಳ್ತೀನಿ. ಕಾಪಾಡ್ಲಿಲ್ಲ, ಕದ್ವಿ ಅಂತ" ಎಂದಳಂತೆ.

"ಧಾರಾಳವಾಗಿ ಹೇಳು. ಮಾರನೇ ದಿನದಿಂದ ಗೇಟಿನ ಹತ್ರ ಸುಳೀಬೇಡ" ಎಂದನಂತೆ ಯಜಮಾನ.

ಇದನ್ನು ಅವಳೇ ನನಗೆ ಬಂದು ಹೇಳಿದಳು. ನನಗೆ ಮೈಯೆಲ್ಲ ಉರಿಯಿತು. "ಹೇಳೇ ಬಿಡೇ! ಅವನ ಕೆಲ್ಸ ಹಾಳಾಗ್ ಹೋಗ್ಲಿ. ನನ್ ಬೇಕರೀಲಿ ಬಂದು ಹಿಟ್ಟು ಕಲ್ಸು. ಊರು ಒಂದ್ಸಲ ಆದ್ರೂ ನಾಚ್ಕೊಳ್ಳಿ" ಎಂದೆ. ಅವಳು ತಲೆಯಾಡಿಸಿದಳು. ಒಪ್ಪಿದಳು ಅಂದುಕೊಂಡೆ.

ಹಬ್ಬದ ದಿನ ಗಾಳಿ ಜೋರಾಗಿತ್ತು. ಊರಿನವರೇ ಒಂದಿಷ್ಟು ಜನ ಮಫ್ಲರ್ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದೆವು. ಎಲಿಸೆಯೊ ಬರಲಿಲ್ಲ. ಸುಲೇಮಾ ನೀಲಿ ಅಂಗಿಯಲ್ಲಿ ಮೈಕಿನ ಮುಂದೆ ನಿಂತಳು. ಮಿಲಾಗ್ರೊ ಗೋಡೆ ಬಿಟ್ಟು ಈಜಿ ಬಂದು, ಅವಳ ಕಾಲ ಬಳಿ ತಲೆಯೆತ್ತಿ ಬಾಯಿ ತೆರೆಯಿತು. ಅವಳು ಬಗ್ಗಿ ಅದರ ಮೂತಿ ಸವರಿದಳು. ನಾನು ತುದಿಗಾಲಲ್ಲಿ ಕಾಯುತ್ತಿದ್ದೆ.

"ನಾನು ಚಿಪ್ಪು ಆರಿಸೋಕೆ ಹೋಗಿದ್ದೆ" ಎಂದು ಶುರು ಮಾಡಿದಳು. ಪ್ರತಿ ವರ್ಷ ಹೇಳುವಂತೆಯೇ ಹೇಳಿದಳು. ಗಂಟೆ, ದುಪ್ಪಟಿ, ರಾಕ್ಷಸ, ಲಾರಿ, ಒಂದನ್ನೂ ಬಿಡಲಿಲ್ಲ. ಕೊನೆಗೆ, "ಹೀಗೆ ನಾವು ಇದನ್ನ ಕಾಪಾಡಿದ್ವಿ" ಎಂದಳು. ಜನ ಚಪ್ಪಾಳೆ ತಟ್ಟಿದರು.

ನಾನು ಕೆಂಡವಾಗಿ ಮೀನಿನ ಕೋಣೆಗೆ ನುಗ್ಗಿದೆ. ಅವಳು ಆಗಲೇ ಅಂಗಿಯ ತೋಳು ಮಡಚಿ, ಮರುದಿನದ ಮೀನು ಕರಗಲು ಹಾಕುತ್ತಿದ್ದಳು.

"ಥೂ, ನಿನ್ ಬಾಯಿಗೇನಾಗಿತ್ತೇ? ಇಷ್ಟೇನಾ ನಿನ್ ಧೈರ್ಯ?"

ಅವಳು ನನ್ನತ್ತ ತಿರುಗಲಿಲ್ಲ. ಕೈ ಮಾತ್ರ ನಿಂತಿತು.

"ನಿಜ ಹೇಳಿದ್ರೆ ನಂಗೆ ಹಗುರಾಗ್ತಿತ್ತು ನಿಲ್ದಾ, ನಿಂಗೂ ಹಗುರಾಗ್ತಿತ್ತು. ಮಿಲಾಗ್ರೊಗೇನ್ ಸಿಗ್ತಿತ್ತು? ನಾಳೆ ಬೆಳಿಗ್ಗೆ ನಾನು ಬರ್ಲಿಲ್ಲ ಅಂದ್ರೆ, ಅದು ಆ ಗೋಡೇನೇ ನೋಡ್ತಾ ಇರ್ತದೆ. ಒಂದ್ಸಲ ಅದರ ತಾಯೀನ ಓಡ್ಸಿದ್ದೀವಿ ಕಣೇ. ಎರಡ್ನೇ ಸಲ ನನ್ನ ಕೈಲಾಗಲ್ಲ."