ಎಡಗೈ ಚಾಚಿದ ಸರ್

ಇವತ್ತು ನಮ್ಮ ನಾಸಿಕದ ಆಫೀಸಿಗೆ ಬಂದ ಹೊಸ ಮ್ಯಾನೇಜರ್, ತಾವೂ ನನ್ನಂತೆ ಸ್ಕೌಟ್ ಆಗಿದ್ದವರೆಂದು ಹೇಳಿ, ಸ್ಕೌಟ್ ಪದ್ಧತಿಯಂತೆ ಕೈಕುಲುಕಲು ಎಡಗೈ ಚಾಚಿದರು. ನನಗೆ ಅಪ್ಪನ ಅಂಗಡಿ ನೆನಪಾಯಿತು.

ಬೀದರದಿಂದ ಸಂಭಾಜಿನಗರಕ್ಕೆ ಬಂದು ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪ, ಯಾರಾದರೂ ಎಡಗೈಯಿಂದ ಏನನ್ನಾದರೂ ಕೊಟ್ಟರೆ ಮುಟ್ಟುತ್ತಿರಲಿಲ್ಲ. ನನ್ನನ್ನು ಶಿಬಿರಕ್ಕೆ ಕಳಿಸಿ ಎಂದು ಕೇಳಲು ಅಂಗಡಿಗೆ ಬಂದ ನಮ್ಮ ಶಾಲೆಯ ಸ್ಕೌಟ್ ಸರ್ ಎಡಗೈಯನ್ನೇ ಮುಂದೆ ಮಾಡಿದರು. ಅಪ್ಪ ಕೈಮುಗಿದು ತಪ್ಪಿಸಿಕೊಂಡರು. ಎಡಗೈ ಗುರಾಣಿ ಹಿಡಿಯುವ ಕೈ, ಅದನ್ನು ಕೆಳಗಿಟ್ಟು ಕೈಕುಲುಕುವುದೆಂದರೆ ನಂಬಿಕೆಯ ಗುರುತು ಎಂದು ಸರ್ ಮರಾಠಿಯಲ್ಲಿ ವಿವರಿಸಿದರು.

ಅವರು ಹೋದ ಮೇಲೆ ಅಪ್ಪ ಗಂಜಿ ವಾಸನೆಯ ಬಟ್ಟೆಯ ಥಾನು ಸುತ್ತುತ್ತ ನನ್ನನ್ನು ಕೇಳಿದರು: "ಢಾಲು ಕೆಳಗಿಟ್ಟರು, ಖರೆ. ಬಲಗೈಯಾಗಿನ ತಲವಾರ ಎಲ್ಲಿಟ್ಟಾರ?"

ಶಿಬಿರದ ಒಪ್ಪಿಗೆ ಪತ್ರಕ್ಕೆ ಸಹಿಯನ್ನೇನೋ ಹಾಕಿದರು. ಆದರೆ ಶಿಬಿರ ಶುರುವಾದ ಎರಡನೇ ದಿನವೇ ಉಳ್ಳಾಗಡ್ಡಿ ಕೊಳ್ಳುವ ನೆಪದಲ್ಲಿ ಚಾಂದವಡಕ್ಕೆ ಬಂದು, ನಾನು ಕಟ್ಟಿದ ಡೇರೆಯ ಗಂಟುಗಳನ್ನು ಒಂದೊಂದಾಗಿ ಜಗ್ಗಿ ನೋಡಿದರು.

"ಇನ್ನೊಂದು ಗಂಟ ಹಾಕು," ಅಂದರು.

ಹತ್ತು ಜನರನ್ನು ನಡೆಸುವುದನ್ನು ನನಗೆ ಕಲಿಸಿದ್ದು ಸ್ಕೌಟಿಂಗ್ ಎಂದು ಆಫೀಸಿನವರು ಹೇಳುತ್ತಾರೆ. ನನಗೆ ಅದರ ಬಗ್ಗೆಯೂ ಅನುಮಾನವಿದೆ.

ಹೊಸ ಮ್ಯಾನೇಜರ್ ಚಾಚಿದ ಎಡಗೈಯನ್ನು ನಗುತ್ತಲೇ ಹಿಡಿದುಕೊಂಡೆ. ಕಣ್ಣು ಮಾತ್ರ ಅವರ ಬಲಗೈಯ ಮೇಲೇ ಇತ್ತು.